ಒಟ್ಟು ಲೆಕ್ಕ, ಬಿಡಿ ಲೆಕ್ಕ
ವಾಣಿಜ್ಯ ವಿಶ್ಲೇಷಣದ ವಿದ್ಯಾರ್ಥಿಯು ಸೂತ್ರಗಳನ್ನು ಕಲಿಯುವ ಮೊದಲೇ ಒಂದು ಕೋಷ್ಟಕವನ್ನು ನೋಡಬೇಕೆಂದು ನಾವು ಭಾವಿಸುತ್ತೇವೆ. 1973ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ತರಗತಿಗಳಿಗೆ ಅರ್ಜಿ ಸಲ್ಲಿಸಿದ ಪುರುಷರಲ್ಲಿ ಸುಮಾರು ಶೇಕಡ 44 ಮಂದಿಗೂ ಸ್ತ್ರೀಯರಲ್ಲಿ ಶೇಕಡ 35 ಮಂದಿಗೂ ಪ್ರವೇಶ ದೊರೆಯಿತು. ಪಕ್ಷಪಾತವೆಂದು ಒಡನೆಯೇ ತೀರ್ಪು ನೀಡಲು ಯಾರಿಗಾದರೂ ಮನಸ್ಸಾದೀತು, ನಮಗೂ ಆಗಿತ್ತು. ಬಿಕೆಲ್, ಹ್ಯಾಮೆಲ್ ಮತ್ತು ಓಕಾನೆಲ್ ಎಂಬ ವಿದ್ವಾಂಸರು 1975ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅದೇ ಅಂಕಿಗಳನ್ನು ವಿಭಾಗವಾರು ಬಿಡಿಸಿ ನೋಡಲಾಗಿ, ಸ್ತ್ರೀಯರಿಗೇ ಅಲ್ಪ ಅನುಕೂಲವಿದ್ದಂತೆ ಕಂಡಿತು. ಪ್ರವೇಶ ದುರ್ಲಭವಾದ ವಿಭಾಗಗಳಿಗೇ ಅವರು ಹೆಚ್ಚಾಗಿ ಅರ್ಜಿ ಹಾಕಿದ್ದರು. ಹಾಗೇಕೆ ಹಾಕಿದರೆಂಬುದು ಬೇರೆಯೇ ವಿಚಾರಣೆ. ಈ ಕೋಷ್ಟಕದಿಂದ ಅದು ತೀರದು. ಎರಡು ಮಳಿಗೆಗಳ ಒಟ್ಟು ಲಾಭದ ಪ್ರಮಾಣವನ್ನು ಹೋಲಿಸಿ ಒಂದನ್ನು ಮುಚ್ಚಹೊರಟ ವ್ಯವಸ್ಥಾಪಕನೂ ಮೊದಲು ಸರಕುವಾರು ಲೆಕ್ಕವನ್ನು ತರಿಸಿಕೊಳ್ಳಬೇಕಾಗುತ್ತದೆ.