ಕಾರಿನಡಿ ಮಲಗುವವರಿಗೊಂದು ಲಿಫ್ಟ್

ಒಂದು ಟನ್ ತೂಕದ ಕಾರನ್ನು ಅರ್ಧ ಮೀಟರ್ ಮೇಲಕ್ಕೆತ್ತಲು ಬೇಕಾದ ಶಕ್ತಿ ಸುಮಾರು 4,900 ಜೂಲ್. ಕೇಳಲು ದೊಡ್ಡದೆನಿಸಿದರೂ ಒಂದೇ ಗ್ರಾಂ ಸಕ್ಕರೆಯಲ್ಲಿ ಇದರ ಮೂರು ಪಟ್ಟಿಗೂ ಹೆಚ್ಚು ಶಕ್ತಿ ಇದೆ. ನಮ್ಮ ಸ್ನಾಯುಗಳು ಅದರ ಮುಕ್ಕಾಲು ಪಾಲನ್ನು ಶಾಖವಾಗಿ ಕಳೆದುಬಿಡುತ್ತವೆ ಎಂದಿಟ್ಟುಕೊಂಡರೂ, ಒಂದು ಚಮಚ ಸಕ್ಕರೆ ಹಾಕಿದ ಕಾಫಿ ಕುಡಿದವರು ಲೆಕ್ಕದ ಪ್ರಕಾರ ಮೂರ್ನಾಲ್ಕು ಕಾರುಗಳನ್ನು ಎತ್ತಬಹುದು.

ಹಾಗಾಗಿ ಎತ್ತುವುದು ಭೌತಶಾಸ್ತ್ರಕ್ಕೆ ಅಂಥ ಸವಾಲೇನಲ್ಲ. ಎತ್ತಿದ ಕಾರು ಎತ್ತಿದಲ್ಲೇ ನಿಲ್ಲಬೇಕು. ಅದರಡಿ ಒಬ್ಬರು ಅಂಗಾತ ಮಲಗಿ, ತುಕ್ಕು ಹಿಡಿದ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಮೈಭಾರವೆಲ್ಲ ಬಿಟ್ಟು ಜಗ್ಗಿದಾಗಲೂ ಅಲುಗಬಾರದು. ಲಿಫ್ಟ್ ವಿನ್ಯಾಸ ಮಾಡುವವರ ನಿದ್ದೆಗೆಡಿಸುವುದು ಇದು.

ಕಾರುಗಳ ಲಿಫ್ಟ್ ಶುರುವಾದದ್ದು ಒಂದು ಕ್ಷೌರದಂಗಡಿಯಿಂದ ಎನ್ನಬಹುದು. ಅಮೆರಿಕದ ಮೆಂಫಿಸ್ ನಗರದ ಪೀಟರ್ ಲುನಾಟಿ ಎಂಬವರಿಗೆ, ಎಣ್ಣೆಯ ಒತ್ತಡದಿಂದ ಮೇಲೇರುವ ಕ್ಷೌರದ ಕುರ್ಚಿ ಕಂಡು, ಕಾರನ್ನೂ ಹೀಗೇ ಏರಿಸಬಹುದಲ್ಲ ಎನಿಸಿತು. 1925ರಲ್ಲಿ ಅವರು ಕಟ್ಟಿದ ರೋಟರಿ ಲಿಫ್ಟ್ ಕಂಪನಿ ಇಂದಿಗೂ ಇದೆ. ಆದರೆ ಲುನಾಟಿಯ ಲಿಫ್ಟ್ ನೆಲ ಅಗೆದು ಹೂಳುವಂಥದ್ದು. ಮನೆಯಲ್ಲೇ ಬ್ರೇಕ್ ಪ್ಯಾಡ್ ಬದಲಿಸುವ, ಆಯಿಲ್ ಬಸಿಯುವ ಹವ್ಯಾಸಿಗೆ ಅದರಿಂದ ಪ್ರಯೋಜನವಿಲ್ಲ. ನಮ್ಮ ಹಳೆಯ ಗ್ಯಾರೇಜುಗಳು ಇದಕ್ಕೆ ಉಲ್ಟಾ ಉಪಾಯ ಹೂಡಿದವು: ಕಾರನ್ನು ಎತ್ತುವ ಗೋಜಿಗೇ ಹೋಗದೆ ಮೆಕ್ಯಾನಿಕ್‌ನನ್ನೇ ಗುಂಡಿಗೆ ಇಳಿಸಿದವು. ನನ್ನನ್ನು ಕೇಳಿದರೆ ಅದು ಜಾಣ ವಿನ್ಯಾಸವೇ. ಆದರೆ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಗುಂಡಿ ತೋಡಲು ಯಾರು ಬಿಡುತ್ತಾರೆ?

ಉಳಿದದ್ದು ಡಿಕ್ಕಿಯಲ್ಲಿ ಸ್ಟೆಪ್ನಿಯ ಜೊತೆ ಬರುವ ಕತ್ತರಿ ಜಾಕ್. ನಾಲ್ಕು ಕಬ್ಬಿಣದ ತೋಳುಗಳ ವಜ್ರಾಕೃತಿ, ನಡುವೆ ಅಡ್ಡಲಾಗಿ ಒಂದು ಸ್ಕ್ರೂ. ಸ್ಕ್ರೂ ತಿರುಗಿಸಿದಂತೆ ಅಕ್ಕಪಕ್ಕದ ಮೂಲೆಗಳು ಹತ್ತಿರ ಬಂದು ಮೇಲಿನ ಮೂಲೆ ಏರುತ್ತದೆ. ಮಡಚಿದ ಜಾಕ್‌ನಲ್ಲಿ ತೋಳುಗಳು ನೆಲಕ್ಕೆ ಹತ್ತು ಡಿಗ್ರಿ ಕೋನದಲ್ಲಿವೆ, ಮೇಲೆ 400 ಕೆ.ಜಿ. ಭಾರವಿದೆ ಎನ್ನಿ. ಆಗ ಸ್ಕ್ರೂ ಮೇಲಿನ ಎಳೆತ 2,200 ಕೆ.ಜಿ. ದಾಟುತ್ತದೆ. ತೋಳುಗಳು 45 ಡಿಗ್ರಿಗೆ ಬಂದಾಗ ಎಳೆತವೂ ಭಾರದಷ್ಟೇ, 400 ಕೆ.ಜಿ. ಅರವತ್ತು ಡಿಗ್ರಿಯಲ್ಲಿ ಬರೀ 230. ಟೈರ್ ಬದಲಿಸುವಾಗ ಮೊದಲ ಸುತ್ತುಗಳಿಗೆ ಬೆವರಿಳಿದು ಆಮೇಲೆ ಹಗುರವಾಗುವುದು ಇದರಿಂದಲೇ.

ಆ ಸ್ಕ್ರೂವಿನಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹ್ಯಾಂಡಲ್ ಬಿಟ್ಟರೂ ಕಾರು ಕೆಳಗಿಳಿಯುವುದಿಲ್ಲ. ಥ್ರೆಡ್ಡಿನ ಇಳಿಜಾರು ನಾಲ್ಕೈದು ಡಿಗ್ರಿ ಮಾತ್ರ. ಲೋಹದ ಮೇಲೆ ಲೋಹ ತಾನಾಗಿ ಜಾರಲು ಸಾಮಾನ್ಯವಾಗಿ ಅದಕ್ಕಿಂತ ಕಡಿದಾದ ಇಳಿಜಾರು ಬೇಕು. ಹೀಗೆ ತನ್ನನ್ನು ತಾನೇ ಹಿಡಿದುಕೊಳ್ಳುವ ಸ್ಕ್ರೂವಿನ ದಕ್ಷತೆ ಶೇ 50ನ್ನು ಮುಟ್ಟಲಾರದು ಎಂಬುದು ಗಣಿತದ ಮಾತು. ಅಂದರೆ ನಮ್ಮ ದುಡಿಮೆಯ ಅರ್ಧಕ್ಕಿಂತ ಹೆಚ್ಚು ಪಾಲು ಘರ್ಷಣೆಗೇ ಹೋಗುತ್ತದೆ. ಕೈ ಸೋಲಿಸುವ ಅದೇ ಘರ್ಷಣೆ ಕಾರನ್ನು ಹಿಡಿದಿಟ್ಟಿರುತ್ತದೆ.

ಇಷ್ಟಿದ್ದರೂ ಕತ್ತರಿ ಜಾಕ್‌ನ ಭರವಸೆಯಲ್ಲಿ ಕಾರಿನಡಿ ನುಸುಳಬಾರದು. ಅದರ ಪಾದ ಅಂಗೈ ಅಗಲ. ಹನ್ನೆರಡು ಸೆಂ.ಮೀ. ಪಾದದ ಮೇಲೆ 36 ಸೆಂ.ಮೀ. ಎತ್ತರಕ್ಕೆ ನಿಂತ ಜಾಕ್ ಒಂಬತ್ತು ಡಿಗ್ರಿ ಚಿಲ್ಲರೆ ವಾಲಿದರೆ ಮಗುಚುತ್ತದೆ. ವಾಲಿಸಲು ಕಾರು ತುಸು ಉರುಳಿದರೆ ಸಾಕು. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂಭಾಗ ಎತ್ತಿದಮೇಲೆ ಅದು ಇದ್ದೂ ಇಲ್ಲದಂತೆ. ಗೇರಿನಲ್ಲಿ ಬಿಟ್ಟಿದ್ದೇನೆ ಎಂಬ ಧೈರ್ಯವೂ ಸಾಲದು. ಎಂಜಿನ್ನಿನ ಬಲ ಪಡೆಯುವ ಎರಡು ಚಕ್ರಗಳಲ್ಲಿ ಒಂದನ್ನು ಎತ್ತಿದಿರಿ ಎನ್ನಿ. ಎಂಜಿನ್ನಿನಿಂದ ಬರುವ ಶಾಫ್ಟ್ ಬಿಗಿಯಾಗಿ ನಿಂತಿದ್ದರೂ, ಗಾಳಿಯಲ್ಲಿರುವ ಚಕ್ರ ಹಿಂದಕ್ಕೆ ತಿರುಗುತ್ತ ನೆಲದ ಚಕ್ರ ಮುಂದಕ್ಕೆ ಉರುಳಲು, ಎರಡೂ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ದಾರಿ ಬಿಡುತ್ತದೆ. ಚಕ್ರಕ್ಕೆ ಕಲ್ಲು ಕೊಡುವ ನಮ್ಮ ಲಾರಿ ಕ್ಲೀನರುಗಳಿಗೆ ಇದು ಪುಸ್ತಕ ಓದದೆಯೇ ಗೊತ್ತು.

ಅಮೆರಿಕದ ಮನೆ ಗ್ಯಾರೇಜುಗಳಲ್ಲಿ ಈಚೆಗೆ ಜನಪ್ರಿಯವಾಗಿರುವ ‘ಕ್ವಿಕ್‌ಜ್ಯಾಕ್’ ಮಾದರಿಯ ಲಿಫ್ಟ್ ಈ ತೊಂದರೆಯನ್ನು ಬುಡದಲ್ಲೇ ಬಿಡಿಸಲು ಹೊರಟದ್ದು. ಕಾರಿನ ಎರಡೂ ಪಕ್ಕಗಳಿಂದ ಒಂದೊಂದು ಉದ್ದನೆಯ ಚೌಕಟ್ಟನ್ನು ಅಡಿಗೆ ತಳ್ಳಿ ಪಂಪ್ ಒತ್ತಿದರೆ, ಎಣ್ಣೆಯ ಒತ್ತಡಕ್ಕೆ ಚೌಕಟ್ಟಿನ ಸಮಾಂತರ ತೋಳುಗಳು ಮೇಲೆದ್ದು ನಾಲ್ಕೂ ಚಕ್ರಗಳು ಒಟ್ಟಿಗೆ ಅರ್ಧ ಮೀಟರಿನಷ್ಟು ಮೇಲೇಳುತ್ತವೆ. ಚೌಕಟ್ಟುಗಳು ಅಗಲವಾಗಿ ಕೂರುವುದರಿಂದ ಪಕ್ಕಕ್ಕೆ ಮಗುಚುವ ಭಯ ಬಹಳ ಕಡಿಮೆ.

ವಿನ್ಯಾಸದ ನಿಜವಾದ ಜಗ್ಗಾಟ ಇಲ್ಲಿದೆ. ಕಾರಿನಡಿ ನುಸುಳಬೇಕಾದರೆ ಚೌಕಟ್ಟು ಏಳೆಂಟು ಸೆಂ.ಮೀ.ಗಿಂತ ದಪ್ಪ ಇರಬಾರದು. ತೆಳ್ಳಗೆ ಮಡಚಿದಷ್ಟೂ ತೋಳುಗಳ ಕೋನ ಚಿಕ್ಕದು. ಕೋನ ಚಿಕ್ಕದಾದಷ್ಟೂ, ಮೇಲೆ ನೋಡಿದ ಲೆಕ್ಕದಂತೆ, ಬೇಕಾದ ಬಲ ಭಾರೀ. ಹೆಚ್ಚು ಬಲಕ್ಕೆ ದಪ್ಪ ಸಿಲಿಂಡರ್ ಬೇಕು, ದಪ್ಪ ಸಿಲಿಂಡರ್ ತೆಳುವಾದ ಚೌಕಟ್ಟಿನಲ್ಲಿ ಕೂರದು. ಬಾಗಬಾರದೆಂದು ಉಕ್ಕು ಹೆಚ್ಚಿಸಿದರೆ ಚೌಕಟ್ಟನ್ನು ಹೊತ್ತು ತರುವವರ ಬೆನ್ನು ಬಾಗುತ್ತದೆ. ಎಲ್ಲ ಅನುಕೂಲ ಇರುವಾಗಲೂ ಒಬ್ಬರು ಎತ್ತುವ ಭಾರ 23 ಕೆ.ಜಿ. ಮೀರದಿರಲಿ ಎಂಬುದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್‌ನ ಸಲಹೆ. ಅಲ್ಯೂಮಿನಿಯಂ ಬಳಸಿದರೆ? ಉಕ್ಕಿನ ಮೂರನೇ ಒಂದು ಭಾಗದಷ್ಟೇ ತೂಕ, ನಿಜ. ಆದರೆ ಬಿಗಿತವೂ ಹೆಚ್ಚುಕಡಿಮೆ ಮೂರನೇ ಒಂದೇ. ಬಾಗದಿರಲು ತೊಲೆಯ ಎತ್ತರ ಹೆಚ್ಚಿಸಬೇಕು, ಅಲ್ಲಿಗೆ ಮತ್ತೆ ಏಳೆಂಟು ಸೆಂ.ಮೀ. ಮಿತಿ ಅಡ್ಡ ಬರುತ್ತದೆ.

ಇನ್ನು ಈ ಸಮಾಂತರ ತೋಳುಗಳು ಕಾರನ್ನು ನೆಟ್ಟಗೆ ಎತ್ತುವುದಿಲ್ಲ, ಕಮಾನಿನ ದಾರಿಯಲ್ಲಿ ಎತ್ತುತ್ತವೆ. 60 ಸೆಂ.ಮೀ. ಉದ್ದದ ತೋಳು 5 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಕಾರು 30 ಸೆಂ.ಮೀ.ನಷ್ಟು ಹಿಂದಕ್ಕೋ ಮುಂದಕ್ಕೋ ಸರಿದಿರುತ್ತದೆ. ಇಕ್ಕಟ್ಟಾದ ಶೆಡ್ಡಿನಲ್ಲಿ ಬಂಪರ್ ಗೋಡೆಗೆ ತಾಗಲು ಅಷ್ಟು ಸಾಕು. ಎಡ ಬಲ ಚೌಕಟ್ಟುಗಳು ಸಮನಾಗಿ ಏರಬೇಕೆಂಬುದು ಮತ್ತೊಂದು ತಲೆನೋವು. ಎಣ್ಣೆಯ ಹರಿವು ಸುಲಭದ ದಾರಿ ಹುಡುಕುತ್ತದೆ, ಹಗುರವಾದ ಬದಿ ಮೊದಲು ಏಳುತ್ತದೆ. ಅದಕ್ಕೇ ಹರಿವನ್ನು ಸಮನಾಗಿ ಹಂಚುವ ಕವಾಟ ಬೇಕು. ಪೈಪು ಒಡೆದರೆ ಕಾರು ಧೊಪ್ಪನೆ ಬೀಳದಂತೆ, ಹರಿವು ಮಿತಿಮೀರಿದ ಕ್ಷಣವೇ ಮುಚ್ಚಿಕೊಳ್ಳುವ ಇನ್ನೊಂದು ಕವಾಟ ಸಿಲಿಂಡರಿನ ಬಾಯಲ್ಲೇ ಇರಬೇಕು.

ಆದರೂ ಎಣ್ಣೆಯನ್ನು ನಂಬಿ ಮಲಗುವಂತಿಲ್ಲ. ರಬ್ಬರ್ ಸೀಲು ಸವೆಯುತ್ತದೆ, ಕವಾಟದಲ್ಲಿ ಕಸ ಸಿಕ್ಕಿಕೊಳ್ಳುತ್ತದೆ. ಎಣ್ಣೆಯ ಕೆಲಸ ಮೇಲೇರಿಸುವುದಷ್ಟೇ. ಏರಿದ ಭಾರ ಲೋಹದ ಅಡ್ಡಗೋಲಿನ ಮೇಲೆ ಕೂರಬೇಕು. ಒಳ್ಳೆಯ ಲಿಫ್ಟಿನಲ್ಲಿ ಈ ಲಾಕ್ ಬಿಡಿಸಲು ಮೊದಲು ಕಾರನ್ನು ಇನ್ನೂ ಸ್ವಲ್ಪ ಎತ್ತಲೇಬೇಕು. ಕೈ ತಪ್ಪಿ ಕಾಲು ತಪ್ಪಿ ಲಿವರ್ ತಾಗಿದರೆ ಏನೂ ಆಗುವುದಿಲ್ಲ.

ಲೋಹದ ಲಾಕ್ ಕೂಡ ತಯಾರಿಕೆಯಷ್ಟೇ ಗಟ್ಟಿ. 2020ರ ಮಾರ್ಚ್‌ನಲ್ಲಿ ಅಮೆರಿಕದ ಹಾರ್ಬರ್ ಫ್ರೈಟ್ ಕಂಪನಿ ಎತ್ತಿದ ಕಾರಿಗೆ ಆಸರೆ ಕೊಡುವ ಸುಮಾರು 4.5 ಲಕ್ಷ ಜಾಕ್ ಸ್ಟ್ಯಾಂಡ್‌ಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅಚ್ಚುಗಳು ಸವೆದದ್ದರಿಂದ ಸ್ಟ್ಯಾಂಡಿನ ಎತ್ತರವನ್ನು ಹಿಡಿದಿಡುವ ಹಲ್ಲುಗಳಿಗೆ ಕೊಕ್ಕೆ ಸಾಕಷ್ಟು ಆಳವಾಗಿ ಕೂರುತ್ತಿರಲಿಲ್ಲ. ಭಾರ ಹೊತ್ತ ಸ್ಟ್ಯಾಂಡ್ ಹಠಾತ್ತನೆ ಕುಸಿಯುವ ಅಪಾಯವಿತ್ತು. ಬದಲಿಗೆ ಕೊಟ್ಟ ಸ್ಟ್ಯಾಂಡ್‌ಗಳಲ್ಲಿ ಕೆಲವಕ್ಕೆ ವೆಲ್ಡಿಂಗ್ ದೋಷವಿದೆಯೆಂದು ಅದೇ ವರ್ಷ ಅವನ್ನೂ ವಾಪಸ್ ಪಡೆಯಬೇಕಾಯಿತು. ವಿನ್ಯಾಸದ ಹಾಳೆಯಲ್ಲಿ ಎಲ್ಲವೂ ಸರಿಯಿತ್ತು. ಕೈಕೊಟ್ಟದ್ದು ಹಲ್ಲಿನ ಆಳ.

ಈ ಬಗೆಯ ಲಿಫ್ಟನ್ನು ಕೊಳ್ಳುವವರು, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವವರು ಎಷ್ಟು ಟನ್ ಎತ್ತುತ್ತದೆ ಎಂದು ಕೇಳುವ ಮೊದಲು, ಲಾಕ್ ಯಾವ ಎತ್ತರದಲ್ಲಿ ಬೀಳುತ್ತದೆ, ಕಣ್ಣಿಗೆ ಕಾಣುವಂತೆ ಬೀಳುತ್ತದೆಯೇ ಎಂದು ಕೇಳಿ. ಪಾರ್ಕಿಂಗ್ ಟೈಲ್ಸ್ ಮೇಲಾಗಲಿ, ಬಿಸಿಲಿಗೆ ಮೆತ್ತಗಾದ ಡಾಂಬರಿನ ಮೇಲಾಗಲಿ ನೇರವಾಗಿ ಇಡಬೇಡಿ, ಕೆಳಗೆ ದಪ್ಪ ಹಲಗೆ ಹಾಕಿ. ಕಟ್ಟಡಕ್ಕೆ ತಂದ ಟೊಳ್ಳು ಸಿಮೆಂಟ್ ಬ್ಲಾಕನ್ನು ಕಾರಿಗೆ ಆಸರೆಯಾಗಿ ಕೊಡಲೇಬೇಡಿ. ಅದು ಸೂಚನೆ ಕೊಡದೆ ಪುಡಿಯಾಗುತ್ತದೆ. ಅಡಿಗೆ ಹೋಗುವ ಮುನ್ನ ಕಾರನ್ನು ಎರಡೂ ಕೈಯಿಂದ ಒಮ್ಮೆ ಜೋರಾಗಿ ಅಲ್ಲಾಡಿಸಿ ನೋಡಿ, ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗಿನ ತೊಲೆಯಡಿ ಅಡ್ಡ ಮಲಗಿಸಿ.