ಕೆರೆಯ ಬಸವನಹುಳು: ಚಿಪ್ಪು ನೋಡಿ ಗುರುತಿಸಿರಿ, ದನಕುರಿ ಉಳಿಸಿರಿ

ಸಮುದ್ರದ ಶಂಖವನ್ನು ಬಲ್ಲವರು ಅದರ ಸುರುಳಿ, ಬಾಯಿ ಮತ್ತು ತುದಿಯನ್ನು ನೋಡಿಯೇ ಜಾತಿ ಹೇಳುತ್ತಾರೆ. ನಮ್ಮ ಕೆರೆಗಳ ಬಸವನಹುಳುಗಳೂ ಅದೇ ವರ್ಗದ ಪ್ರಾಣಿಗಳು. ಇವುಗಳನ್ನು ಗುರುತಿಸಲು ಕಲಿತರೆ ದನ, ಎಮ್ಮೆ, ಕುರಿಗಳನ್ನು ಕಾಡುವ ಈಲಿಹುಳುವಿನ ರೋಗದ ಸುಳಿವು ಮೊದಲೇ ಸಿಗುತ್ತದೆ.

ಕಡೂರು ತಾಲ್ಲೂಕಿನ ಚೌಳಹಿರಿಯೂರು ಕಡೆಯದು ಬಯಲುಸೀಮೆ. ಬೇಸಿಗೆಯಲ್ಲಿ ಹೊಲ, ಕಾವಲು ಒಣಗಿದಾಗ ಕೆರೆಯಂಗಳದಲ್ಲಿ ಮಾತ್ರ ಹಸಿರು ಹುಲ್ಲು ಉಳಿಯುತ್ತದೆ. ದನಕುರಿಗಳು ಅಲ್ಲಿಗೇ ಇಳಿಯುತ್ತವೆ. ರೋಗ ಅಂಟುವುದೂ ಅಲ್ಲಿಯೇ.

ರೋಗ ಹರಡುವ ಬಗೆ

ಈಲಿಹುಳು ಎಲೆಯಾಕಾರದ ಚಪ್ಪಟೆ ಹುಳು. ರೋಗಪೀಡಿತ ದನದ ಸಗಣಿಯಲ್ಲಿರುವ ಇದರ ಮೊಟ್ಟೆ ನೀರಿಗೆ ಬಿದ್ದು ಒಡೆದು, ಮರಿ ಬಸವನಹುಳುವಿನ ಮೈ ಸೇರುತ್ತದೆ. ಅಲ್ಲಿ ಒಂದು ನೂರಾರಾಗಿ, ಕೆಲವು ವಾರಗಳ ನಂತರ ಹೊರಬಂದು ಹುಲ್ಲಿಗೆ ಅಂಟಿಕೊಳ್ಳುತ್ತದೆ. ಆ ಹುಲ್ಲು ಮೇಯ್ದ ದನ ಬಡವಾಗುತ್ತದೆ, ಹಾಲು ಇಳಿಯುತ್ತದೆ, ಕಣ್ಣಿನ ಒಳರೆಪ್ಪೆ ಬಿಳಿಚುತ್ತದೆ, ಗದ್ದದ ಕೆಳಗೆ ನೀರು ತುಂಬಿದ ಊತ ಬರುತ್ತದೆ.

ಚಿಪ್ಪು ನೋಡುವ ಕ್ರಮ

ಚಿಪ್ಪಿನ ಚೂಪು ತುದಿಯನ್ನು ಮೇಲಕ್ಕೂ ಬಾಯಿಯನ್ನು ನಿಮ್ಮ ಕಡೆಗೂ ಹಿಡಿಯಿರಿ. ಸುರುಳಿಯ ಆಕಾರ, ಬಾಯಿ ಇರುವ ಪಕ್ಕ, ಬಾಯಿಗೆ ಮುಚ್ಚಳವಿದೆಯೇ ಎಂಬ ಮೂರು ಅಂಶಗಳನ್ನು ಗಮನಿಸಿರಿ.

1. ಲಿಮ್ನಿಯ: ತೆಳುವಾದ, ಬೇಗ ಒಡೆಯುವ ಕಂದು ಚಿಪ್ಪು. ಬಾಯಿ ಬಲಕ್ಕಿರುತ್ತದೆ, ಮುಚ್ಚಳವಿಲ್ಲ. ಇದರಲ್ಲಿ ‘ಆರಿಕ್ಯುಲೇರಿಯ’ ಎಂಬ ಜಾತಿಯ ತುದಿ ಮೋಟು, ಬಾಯಿ ಕಿವಿಯಂತೆ ಅಗಲ. ಈಲಿಹುಳುವಿಗೆ ಮುಖ್ಯವಾಗಿ ಆಶ್ರಯ ಕೊಡುವುದು ಇದೇ. ‘ಲೂಟಿಯೋಲ’ ಜಾತಿಯ ಬಾಯಿ ಅಷ್ಟು ಅಗಲವಿಲ್ಲ, ಚಿಪ್ಪು ನೀಳ.

2. ಇಂಡೋಪ್ಲಾನಾರ್ಬಿಸ್: ಸುತ್ತಿಟ್ಟ ಹಗ್ಗದ ಸಿಂಬಿಯಂತೆ ಚಪ್ಪಟೆ; ಎದ್ದುನಿಂತ ತುದಿಯಿಲ್ಲ, ಮುಚ್ಚಳವೂ ಇಲ್ಲ. ಹೊಟ್ಟೆಯ ಚಪ್ಪಟೆ ಹುಳುವನ್ನೂ, ದನಗಳ ಗೊರಕೆ ರೋಗದ ಹುಳುವನ್ನೂ ಇದು ಸಾಕುತ್ತದೆ.

3. ಪೈಲ: ದೊಡ್ಡ ನಿಂಬೆಹಣ್ಣಿನಂತೆ ಗುಂಡಗೆ, ಗಟ್ಟಿ ಚಿಪ್ಪು. ಬಾಯಿಗೆ ಗಡುಸಾದ ಮುಚ್ಚಳವಿದೆ. ಈಲಿಹುಳು ಇದರಿಂದ ಹರಡುವುದಿಲ್ಲ.

ಬರಿಗೈಯಿಂದ ಹಿಡಿಯಬೇಡಿ, ನೀರಿಗಿಳಿಯಬೇಡಿ. ಈ ನೀರಿನ ಕೆಲವು ಮರಿಹುಳುಗಳು ಮನುಷ್ಯರ ಚರ್ಮಕ್ಕೂ ತುರಿಕೆ ತರುತ್ತವೆ. ಉದ್ದ ಹಿಡಿಯ ಜಾಲರಿಯಿಂದ ಎತ್ತಿರಿ.

ರೈತರು ಮಾಡಬೇಕಾದ್ದು

ಮೊದಲೆರಡು ಬಗೆಯ ಚಿಪ್ಪು ಕಂಡ ಕಡೆ ದನ ಮೇಯಿಸಬೇಡಿ. ಅಲ್ಲಿನ ಹುಲ್ಲನ್ನು ಹಸಿಯಾಗಿ ಕೊಯ್ದು ಹಾಕಬೇಡಿ. ಬಾವಿಯ ನೀರನ್ನು ತೊಟ್ಟಿಯಲ್ಲಿ ಕುಡಿಸಿರಿ. ಸಗಣಿಯನ್ನು ಗುಂಡಿಯಲ್ಲಿ ಚೆನ್ನಾಗಿ ಕೊಳೆಸಿರಿ, ಕೆರೆಗೆ ಹರಿಯಬಿಡಬೇಡಿ. ಬಾತುಕೋಳಿಗಳು ಬಸವನಹುಳುಗಳನ್ನು ತಿಂದು ಕಡಿಮೆ ಮಾಡುತ್ತವೆ. ಮೈಲುತುತ್ತವನ್ನು ಕೆರೆಗೆ ಸುರಿಯುವುದು ತರವಲ್ಲ, ಮೀನು ಸಾಯುತ್ತವೆ.

ಚಿಪ್ಪು ಕಂಡ ಮಾತ್ರಕ್ಕೆ ದನಕ್ಕೆ ರೋಗವಿದೆ ಎಂದಲ್ಲ. ಅದು ಎಚ್ಚರಿಕೆ ಮಾತ್ರ. ಹತ್ತಿರದ ಪಶುವೈದ್ಯ ಸಂಸ್ಥೆಯಲ್ಲಿ ಸಗಣಿ ಪರೀಕ್ಷೆ ಮಾಡಿಸಿರಿ. ಆಕ್ಸಿಕ್ಲೋಜನೈಡ್, ಟ್ರೈಕ್ಲಾಬೆಂಡಜೋಲ್‌ನಂಥ ಔಷಧಿಗಳನ್ನು ದನದ ತೂಕಕ್ಕೆ ತಕ್ಕಂತೆ ವೈದ್ಯರ ಸಲಹೆಯ ಮೇಲೆಯೇ ಕೊಡಬೇಕು. ಊರಿನವರೆಲ್ಲ ಒಟ್ಟಿಗೆ ಕೊಡಿಸಿದರೆ ಕೆರೆಗೆ ಬೀಳುವ ಮೊಟ್ಟೆ ಕಡಿಮೆಯಾಗುತ್ತದೆ. ಒಬ್ಬರ ದನಕ್ಕೆ ಮಾತ್ರ ಔಷಧಿ ಕುಡಿಸಿ ಅದೇ ಕೆರೆಯಂಗಳಕ್ಕೆ ಬಿಟ್ಟರೆ ರೋಗ ಮರಳಿ ಬರುತ್ತದೆ.