ಹುಲ್ಲು ಸುತ್ತಿಸುವ ಮುಂಚೆ ಒಂದು ಹಿಡಿ ಉಪ್ಪು

ನಮ್ಮದು ತುಮಕೂರು ಜಿಲ್ಲೆಯ ಖುಷ್ಕಿ ಜಮೀನು. ಮಳೆ ಬಂದರೆ ರಾಗಿ, ಬಾರದಿದ್ದರೆ ಸಾಲ. ಎರಡು ಹಸು, ಒಂದು ಪಡ್ಡೆ ಕರು ಇದ್ದವು. ಇದ್ದವು ಅಂತ ಯಾಕೆ ಬರೆದೆ ಅನ್ನೋದು ಮುಂದೆ ಗೊತ್ತಾಗ್ತದೆ. ರಾಗಿ ಮನೆಗೆ, ಹುಲ್ಲು ದನಕ್ಕೆ. ನಮ್ಮ ಕಡೆ ರಾಗಿಗಿಂತ ಹುಲ್ಲಿನ ಯೋಚನೆಯೇ ದೊಡ್ಡದು. ರಾಗಿ ಕಡಿಮೆಯಾದರೆ ಅಂಗಡಿಯಿಂದ ತರಬಹುದು. ಚೈತ್ರ ವೈಶಾಖದಲ್ಲಿ ಹುಲ್ಲು ಮುಗಿದರೆ ದನವನ್ನೇ ಸಂತೆಗೆ ಹೊಡೆಯಬೇಕು.

2021ರ ನವೆಂಬರಿನಲ್ಲಿ ಸುರಿದ ಮಳೆ ಯಾರಿಗೂ ಮರೆತಿಲ್ಲ. ಕೊಯ್ಲಿಗೆ ಬಂದ ರಾಗಿ ಮಲಗಿತು, ಎಷ್ಟೋ ಕಡೆ ತೆನೆಯಲ್ಲೇ ಮೊಳಕೆ ಬಂತು. ಮಳೆ ನಿಂತು ನೆಲ ಸ್ವಲ್ಪ ಗಟ್ಟಿಯಾದ ಮೇಲೆ ನಾನು ಎರಡು ಎಕರೆಗೆ ಕಟಾವು ಮಷೀನು ಬಿಡಿಸಿದೆ. ಆಳು ಸಿಗುತ್ತಿರಲಿಲ್ಲ. ಮೂರು ದಿನ ಹುಲ್ಲು ಸಾಲಿನಲ್ಲಿ ಬಿದ್ದಿತ್ತು. ನಾಲ್ಕನೇ ದಿನ ಹುಲ್ಲು ಸುತ್ತುವ ಮಷೀನು ಊರಿಗೆ ಬಂತು. ಎರಡೇ ದಿನ ಇರೋದು, ಆಮೇಲೆ ಬೇರೆ ಊರು ಅಂದರು. ಬೆಳಗ್ಗೆ ಎಂಟೂವರೆಗೇ ನನ್ನ ಹೊಲಕ್ಕೆ ಇಳಿಸಿದರು. ನಾನು ಮೇಲಿನ ಹುಲ್ಲು ಮುಟ್ಟಿ ನೋಡಿದೆ, ಗರಗರ ಅಂತಿತ್ತು. ಆದರೂ ಅನುಮಾನ ಬಂತು, ಕೇಳಿದೆ. "ಒಣಗೈತೆ ಯಜಮಾನ್ರೇ, ಇನ್ನೂ ಬಿಟ್ರೆ ಪುಡಿಯಾಗ್ತದೆ" ಅಂದ ಡ್ರೈವರು. ಅವನದು ತಪ್ಪು ಅಂತ ಹೇಳೋದಿಲ್ಲ. ಅವನ ಬಾಡಿಗೆ ರೋಲಿನ ಲೆಕ್ಕ, ಒಣಗಿದೆಯೋ ಇಲ್ಲವೋ ನೋಡಬೇಕಾದ್ದು ನಾನು.

110 ರೋಲು ಬಂದವು. ಎತ್ತುವಾಗಲೇ ಭಾರ ಅನ್ನಿಸಿತು. ಹುಲ್ಲು ಚೆನ್ನಾಗಿ ಬಂದಿದೆ ಅಂತ ಖುಷಿಪಟ್ಟೆ. ಕೊಟ್ಟಿಗೆ ಪಕ್ಕದ ಶೀಟಿನ ಕೆಳಗೆ ಒತ್ತಾಗಿ ಪೇರಿಸಿದೆವು. ಐದನೇ ದಿನ ಸಂಜೆ ನಮ್ಮ ಮನೆಯವಳು ಹಾಲು ಕರೆದು ಬಂದವಳು, "ಕೊಟ್ಟಿಗೆ ತಾವ ಬೆಲ್ಲ ಕಾಸ್ದಂಗೆ ವಾಸನೆ ಬರ್ತೈತಲ್ಲ, ಏನ್ ನೋಡ್ರಿ" ಅಂದಳು. ನಡುವಿನ ಎರಡು ರೋಲಿನ ಸಂದಿಗೆ ಕೈ ಹಾಕಿದೆ. ಬಚ್ಚಲ ಹಂಡೆ ಮುಟ್ಟಿದ ಹಾಗಾಯಿತು.

ರಾತ್ರಿ ಹನ್ನೊಂದರ ತನಕ ನಾನೂ ಮಗನೂ ಅಷ್ಟನ್ನೂ ಇಳಿಸಿ ಕಣದಲ್ಲಿ ಬಿಡಿಬಿಡಿಯಾಗಿ ಹರಡಿದೆವು. ದೇವರು ದೊಡ್ಡವನು, ಬೆಂಕಿ ಹತ್ತಲಿಲ್ಲ. ಆದರೆ 60 ರೋಲಿನಷ್ಟು ಒಳಗೆ ಬೆಳ್ಳಗೆ ಬೂಷ್ಟು ಹಿಡಿದಿತ್ತು. ಕೆಲವು ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿದ್ದವು. ಬೂಷ್ಟು ಹಿಡಿದದ್ದನ್ನು ಹಸು ಮೂಸಿ ಬಿಟ್ಟವು. ಬಿಚ್ಚುವಾಗ ಎದ್ದ ಧೂಳಿಗೆ ನನಗೆ ಹದಿನೈದು ದಿನ ಕೆಮ್ಮು. ಎಲ್ಲ ತಿಪ್ಪೆಗೆ ಹೋಯಿತು. ಯುಗಾದಿ ಆದ ಮೇಲೆ ಪಡ್ಡೆಯನ್ನು ಮಾರಿ ಉಳಿದೆರಡಕ್ಕೆ ಹುಲ್ಲು ತಂದೆ. ಅದು ನಮ್ಮ ಮನೆಯಲ್ಲೇ ಹುಟ್ಟಿದ ಕರು.

ಅಲ್ಲಿಂದ ಈಚೆಗೆ ಕೇಳಿ, ಓದಿ, ಮಾಡಿ ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೆದೆ ಬೇರೆ, ರೋಲು ಬೇರೆ

ನಮ್ಮಪ್ಪನ ಕಾಲದಲ್ಲಿ ಈ ತೊಂದರೆ ಯಾಕೆ ಇರಲಿಲ್ಲ ಅಂತ ಮೊದಲು ಯೋಚಿಸಿದೆ. ಕುಡುಗೋಲಿನಲ್ಲಿ ಕೊಯ್ದು ಮೂರು ನಾಲ್ಕು ದಿನ ಅರಿಯಲ್ಲಿ ಒಣಗಿಸಿ, ಕಂತೆ ಕಟ್ಟಿ, ತೆನೆ ಒಳಕ್ಕೆ ಬುಡ ಹೊರಕ್ಕೆ ಮಾಡಿ ಮೆದೆ ಹಾಕುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ಒಕ್ಕಣೆ. ಮೆದೆ ಸಡಿಲ, ಗಾಳಿ ಆಡುತ್ತದೆ, ಬುಡ ಹೊರಗಿರುವುದರಿಂದ ತೇವ ಮೆಲ್ಲಗೆ ಹೋಗುತ್ತದೆ. ಸ್ವಲ್ಪ ಹಸಿ ಇದ್ದರೂ ತಡೆಯುತ್ತದೆ. ರೋಲಿನಲ್ಲಿ ಹಾಗಲ್ಲ. ಎರಡು ಅಡಿ ದಪ್ಪ, ಮೂರು ಅಡಿ ಉದ್ದದೊಳಗೆ 15ರಿಂದ 25 ಕೆಜಿ ಹುಲ್ಲನ್ನು ಒತ್ತಿ ಸುತ್ತಿರುತ್ತದೆ. ತೇವವೂ ಹೋಗದು, ಕಾವೂ ಹೋಗದು.

ಇನ್ನೊಂದು, ರಾಗಿ ಹುಲ್ಲು ಭತ್ತದ ಹುಲ್ಲಿನ ಹಾಗಲ್ಲ. ತೆನೆ ಮಾಗಿದ್ದರೂ ದಂಟು ಹಸಿರಾಗೇ ಇರುತ್ತದೆ. ಅದಕ್ಕೇ ದನಕ್ಕೆ ಅದು ರುಚಿ. ಆದರೆ ಒಣಗುವುದು ನಿಧಾನ. ಎಲೆ ಮೊದಲು ಒಣಗುತ್ತದೆ, ಆಮೇಲೆ ದಂಟು, ಎಲ್ಲಕ್ಕಿಂತ ಕೊನೆಗೆ ಗೆಣ್ಣು. ಮುಟ್ಟಿದರೆ ಕೈಗೆ ಸಿಗುವುದು ಎಲೆ. ನಾನು ಮೋಸ ಹೋದದ್ದು ಅಲ್ಲೇ.

ಹುಲ್ಲು ಕೊಯ್ದ ತಕ್ಷಣ ಸಾಯುವುದಿಲ್ಲ. ನೂರಕ್ಕೆ 40 ಭಾಗ ನೀರಿಗೆ ಇಳಿಯುವ ತನಕ ಉಸಿರಾಡುತ್ತಲೇ ಇರುತ್ತದೆ, ತನ್ನ ಸಕ್ಕರೆಯನ್ನು ತಾನೇ ಸುಡುತ್ತದೆ. ಆಮೇಲೆ ಬೂಷ್ಟು ಮತ್ತು ಕಣ್ಣಿಗೆ ಕಾಣದ ಜೀವಿಗಳ ಸರದಿ. ಅವು ತಿಂದಷ್ಟೂ ಕಾವು. 40 ಡಿಗ್ರಿ ದಾಟಿ ಬಹಳ ದಿನ ನಿಂತರೆ ಹುಲ್ಲಿನ ಸಕ್ಕರೆ ಮತ್ತು ಪ್ರೋಟೀನು ಒಂದಕ್ಕೊಂದು ಅಂಟಿಕೊಂಡು ಕಂದು ಬಣ್ಣ ಬರುತ್ತದೆ. ಬೆಲ್ಲದ ವಾಸನೆ ಬರುವುದು ಇದರಿಂದಲೇ. ಅಂಥ ಹುಲ್ಲನ್ನು ದನ ಆಸೆಯಿಂದ ತಿಂದರೂ ತಿನ್ನುತ್ತದೆ, ಮೈಗೆ ಹತ್ತೋದಿಲ್ಲ. ಕಾವು 70 ದಾಟಿದರೆ ಜೀವಿಗಳೂ ಸಾಯುತ್ತವೆ, ಆದರೆ ಒಳಗೆ ರಾಸಾಯನಿಕವಾಗಿಯೇ ಬಿಸಿ ಏರುತ್ತಾ ಹೋಗಿ ತಾನಾಗೇ ಬೆಂಕಿ ಹತ್ತುತ್ತದೆ. ಯಾರೋ ಬೀಡಿ ಎಸೆದರು ಅಂತ ಜಗಳ ಆಡುವ ಬಣವೆ ಬೆಂಕಿಗಳಲ್ಲಿ ಕೆಲವು ಹೀಗೆ ಹತ್ತಿದವೂ ಇರಬಹುದು ಅಂತ ನನಗೆ ಈಗ ಅನ್ನಿಸುತ್ತದೆ.

ಲೆಕ್ಕ ಇಷ್ಟು. ಆಗ ತಾನೇ ಕೊಯ್ದ ಹಸಿ ಹುಲ್ಲಿನಲ್ಲಿ ನೂರಕ್ಕೆ 70-80 ಭಾಗ ನೀರು. ರೋಲು ಸುತ್ತಲು ಅದು 18ಕ್ಕಿಂತ ಕೆಳಗೆ ಬರಬೇಕು, 15-16ಕ್ಕೆ ಬಂದರೆ ನಿಶ್ಚಿಂತೆ. ಸಡಿಲ ಮೆದೆಗೆ 20ರ ಮೇಲೆ ಸ್ವಲ್ಪ ಇದ್ದರೂ ನಡೆಯುತ್ತದೆ. 20 ಕೆಜಿ ರೋಲು 30 ಭಾಗ ತೇವದಲ್ಲಿದೆ ಅನ್ನಿ. ಅದರಲ್ಲಿ ಒಣ ಹುಲ್ಲು 14 ಕೆಜಿ, ನೀರು 6 ಕೆಜಿ. 18ಕ್ಕೆ ಒಣಗಿದ್ದರೆ ಅದೇ ರೋಲು 17 ಕೆಜಿ ತೂಗಬೇಕಿತ್ತು. ಅಂದರೆ ಒಂದೊಂದರಲ್ಲೂ ಮೂರು ಲೀಟರು ಹೆಚ್ಚು ನೀರು. 110 ರೋಲಿಗೆ ಒಂದೂವರೆ ಡ್ರಮ್ಮಿಗೂ ಮೇಲೆ! ಅಷ್ಟು ನೀರನ್ನು ಬೇಕಂತಲೇ ಹುಲ್ಲಿನೊಳಗೆ ಹೊಯ್ದು ಕಟ್ಟಿದ ಹಾಗಾಯಿತು. ತೂಕದ ಮೇಲೆ ಹುಲ್ಲು ಕೊಳ್ಳುವವರೂ ಈ ಲೆಕ್ಕ ನೆನಪಿಟ್ಟುಕೊಳ್ಳಿ, ನೀರಿಗೆ ದುಡ್ಡು ಕೊಡಬೇಡಿ.

ನೋಡುವುದು ಹೇಗೆ

ಎಲ್ಲಿಂದ ಹಿಡಿ ತೆಗೆಯುತ್ತೀರಿ ಅನ್ನುವುದೇ ಅರ್ಧ ಪರೀಕ್ಷೆ. ಸಾಲಿನ ಮೇಲಿನಿಂದ ತೆಗೆಯಬೇಡಿ, ತಿರುವಿ ಅಡಿಯಿಂದ ತೆಗೆಯಿರಿ. ಬದುವಿನ ಪಕ್ಕ, ಹೊಂಗೆ ಮರದ ನೆರಳು, ನೀರು ನಿಂತಿದ್ದ ತಗ್ಗು, ಸಾಲು ದಪ್ಪ ಬಿದ್ದಿರುವ ಜಾಗ, ಹೀಗೆ ಎಂಟು ಹತ್ತು ಕಡೆ. ಎಲ್ಲಿ ಹಸಿ ಇದೆಯೋ ಅದೇ ಲೆಕ್ಕ, ಸರಾಸರಿ ಬೇಡ. ಒಂದು ಹಸಿ ರೋಲು ಪಕ್ಕದ ನಾಲ್ಕನ್ನು ಕೆಡಿಸುತ್ತದೆ.

ಮೊದಲು ಕೈಯ ಪರೀಕ್ಷೆ. ಒಂದು ಹಿಡಿ ಹುಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿ. ಅಂಗೈ ತಣ್ಣಗೆ ತೇವ ಆದರೆ ಮಾತೇ ಇಲ್ಲ, ಬಿಟ್ಟು ಬನ್ನಿ. ಎಷ್ಟು ತಿರುಚಿದರೂ ಹಗ್ಗದಂತೆ ಬಾಗುತ್ತಿದ್ದರೆ ಇನ್ನೂ ಬಿಸಿಲು ಬೇಕು. ಮೂರು ನಾಲ್ಕು ತಿರುಚಿಗೆ ದಂಟು ಪಟಪಟ ಸೀಳಿ ತುಂಡಾದರೆ ಹತ್ತಿರ ಬಂದಿದೆ. ಆಮೇಲೆ ಒಂದು ದಪ್ಪ ದಂಟನ್ನು ಉಗುರಿನಿಂದ ಕೆರೆಯಿರಿ. ಸಿಪ್ಪೆ ಎಳೆಯಾಗಿ ಸುಲಿದು ಬಂದರೆ ಹಸಿ, ಸುಲಿಯದೆ ಪುಡಿಯಾದರೆ ಒಣಗಿದೆ. ಕೊನೆಗೆ ಗೆಣ್ಣನ್ನು ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಜಜ್ಜಿ. ಜಜ್ಜಿದ ಜಾಗ ಹಸಿರಾಗಿ ಮೆತ್ತಗಾದರೆ ಮಿಕ್ಕದ್ದೆಲ್ಲ ಒಣಗಿದ್ದರೂ ಸುತ್ತಿಸಬೇಡಿ.

ಕೈಗೆ ಅಭ್ಯಾಸ ಇಲ್ಲದವರಿಗೆ, ನನ್ನ ಹಾಗೆ ಒಮ್ಮೆ ಮೋಸ ಹೋದವರಿಗೆ, ಉಪ್ಪಿನ ಪರೀಕ್ಷೆ ಒಳ್ಳೆಯದು. ಬಿಗಿ ಮುಚ್ಚಳದ ಒಣ ಗಾಜಿನ ಬಾಟಲು ಬೇಕು, ಹಾರ್ಲಿಕ್ಸ್ ಬಾಟಲು ಆಗುತ್ತದೆ. ಹರಳುಪ್ಪನ್ನು ಕುಟ್ಟಿ ಬಾಣಲೆಯಲ್ಲಿ ಹುರಿದು, ಆರಿಸಿ, ಡಬ್ಬಿಗೆ ಹಾಕಿಟ್ಟುಕೊಳ್ಳಿ. ಪ್ಯಾಕೆಟ್ಟಿನ ಪುಡಿ ಉಪ್ಪು ಬೇಡ, ಅದಕ್ಕೆ ಗಂಟು ಕಟ್ಟದಿರಲು ಬೇರೆ ಪುಡಿ ಬೆರೆಸಿರುತ್ತಾರೆ. ಗೆಣ್ಣೂ ಸೇರಿದ ಹಾಗೆ ಹುಲ್ಲನ್ನು ಅರ್ಧ ಇಂಚು, ಒಂದಿಂಚಿಗೆ ಕತ್ತರಿಸಿ ಬಾಟಲಿಗೆ ಮುಕ್ಕಾಲು ತುಂಬಿ, ಮೇಲೆ ಒಂದು ಸಣ್ಣ ಹಿಡಿ ಉಪ್ಪು ಹಾಕಿ, ಮುಚ್ಚಿ, ಎರಡು ಮೂರು ನಿಮಿಷ ಚೆನ್ನಾಗಿ ಕುಲುಕಿ. ಉಪ್ಪು ಮರಳಿನ ಹಾಗೆ ಉದುರುತ್ತಿದ್ದರೆ ತೇವ 15ರ ಆಸುಪಾಸಿಗಿಂತ ಕೆಳಗಿದೆ, ಧೈರ್ಯವಾಗಿ ಸುತ್ತಿಸಿ. ಗಾಜಿಗೆ ಅಂಟಿಕೊಂಡು ಗಂಟು ಕಟ್ಟಿದರೆ ಮೇಲಿದೆ. ಗಾಳಿಯ ತೇವ ನೂರಕ್ಕೆ 75 ದಾಟಿದರೆ ಉಪ್ಪು ನೀರು ಎಳೆದುಕೊಳ್ಳುತ್ತದೆ. ಹುಲ್ಲಿಗೆ ಬೂಷ್ಟು ಶುರುವಾಗುವುದೂ ಹೆಚ್ಚು ಕಡಿಮೆ ಅದೇ ಮಟ್ಟದಲ್ಲಿ. ಅದಕ್ಕೇ ಈ ಪರೀಕ್ಷೆ ನಂಬಬಹುದು. ಆದರೆ ತುಂತುರು ಹನಿಯುವ ದಿನ ಮಾಡಬೇಡಿ, ಬಾಟಲಿಗೆ ಹೋಗುವ ಮುಂಚೆಯೇ ಉಪ್ಪು ಒದ್ದೆಯಾಗಿರುತ್ತದೆ.

ಎಷ್ಟು ಅಂತ ಸರಿಯಾಗಿ ಬೇಕು ಅನ್ನುವವರು ತೂಕ ಮಾಡಬೇಕು. ಅಡುಗೆ ಮನೆಯ ಸಣ್ಣ ತಕ್ಕಡಿಯಲ್ಲಿ ಕತ್ತರಿಸಿದ ಹುಲ್ಲು 100 ಗ್ರಾಂ. ದೊಡ್ಡ ಬಾಣಲೆಗೆ ಮರಳು ಹಾಕಿ ಅದರ ಮೇಲೆ ಚಿಕ್ಕ ಬಾಣಲೆ ಇಟ್ಟು ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಒಣಗಿಸಿ. ಐದೈದು ನಿಮಿಷಕ್ಕೆ ತೂಗಿ. ತೂಕ ಇಳಿಯುವುದು ನಿಂತಾಗ 82 ಗ್ರಾಂ ಉಳಿದರೆ ತೇವ 18. ಸೀದ ವಾಸನೆ ಬಂದರೆ ಲೆಕ್ಕ ಕೆಟ್ಟಿತು, ಹೊಸದಾಗಿ ಮಾಡಿ. ಮೊದಲ ಸಲ ನಾನು ಎರಡು ಬಾರಿ ಸೀಯಿಸಿ ಮನೆಯಲ್ಲಿ ಬೈಸಿಕೊಂಡೆ. ಹುಲ್ಲಿಗೆ ಚುಚ್ಚಿ ನೋಡುವ ಮೀಟರುಗಳೂ ಇವೆ. ಊರಿನ ಹತ್ತು ಜನ ಸೇರಿ ಒಂದು ತಂದರೆ ಸಾಕು. ಕಾಳು ನೋಡುವ ಮೀಟರು ಇದಕ್ಕೆ ಆಗುವುದಿಲ್ಲ.

ಹೊತ್ತಿನ ವಿಚಾರ. ಕಾರ್ತಿಕದಲ್ಲಿ ಇಬ್ಬನಿ ಹೆಚ್ಚು. ಹಿಂದಿನ ಸಂಜೆ ಪಾಸಾದ ಹುಲ್ಲು ಬೆಳಗ್ಗೆ ಫೇಲಾಗುತ್ತದೆ. ಹನ್ನೊಂದರ ಮೇಲೆ ಪರೀಕ್ಷೆ ಮಾಡಿ, ಇಬ್ಬನಿ ಇಳಿಯುವ ಮುಂಚೆ ಸುತ್ತಿಸಿ ಮುಗಿಸಿ. ಹಿಂದಿನ ದಿನ ಸಾಲನ್ನು ಒಮ್ಮೆ ಕವೆಗೋಲಿನಲ್ಲಿ ಮಗುಚಿದರೆ ಒಂದು ದಿನ ಉಳಿಯುತ್ತದೆ. ಹಾಗಂತ ವಾರಗಟ್ಟಲೆ ಬಿಡುವುದೂ ನಷ್ಟವೇ. ತೀರ ಒಣಗಿದರೆ ಎಲೆಯೆಲ್ಲ ಮಷೀನಿನಲ್ಲಿ ಪುಡಿಯಾಗಿ ಹೊಲಕ್ಕೆ ಬೀಳುತ್ತದೆ. ಸತ್ವ ಇರುವುದು ಎಲೆಯಲ್ಲಿ.

ಯೂರಿಯಾ ಹಾಕಿ ಹದ ಮಾಡುವ ಹುಲ್ಲಿಗೆ ನೀರು ಚಿಮುಕಿಸುತ್ತಾರಲ್ಲ, ಅದಕ್ಕೆ ಯಾಕೆ ಬೂಷ್ಟು ಬರೋದಿಲ್ಲ ಅಂತ ಒಬ್ಬರು ಕೇಳಿದರು. ಅಲ್ಲಿ ಗಾಳಿಯಾಡದಂತೆ ಮುಚ್ಚಿರುತ್ತಾರೆ, ಯೂರಿಯಾದಿಂದ ಬರುವ ಅಮೋನಿಯಾ ಬೂಷ್ಟನ್ನು ತಡೆಯುತ್ತದೆ. ಹಸಿ ರೋಲಿನ ಮೇಲೆ ಯೂರಿಯಾ ಎರಚಿದರೆ ಅದೇ ಆಗುತ್ತದೆ ಅಂತ ದಯವಿಟ್ಟು ಮಾಡಬೇಡಿ, ದನ ಸಾಯುತ್ತದೆ.

ಸುತ್ತಿಸಿದ ಮೇಲೂ ನೋಡುತ್ತಿರಬೇಕು. ಬೆಂಕಿ ಅಪಾಯ ಹೆಚ್ಚು ಇರುವುದು ಮೊದಲ ಎರಡರಿಂದ ಆರು ವಾರ. ನಾಲ್ಕೈದು ಅಡಿ ಉದ್ದದ ಕಬ್ಬಿಣದ ಸಲಾಕೆಯನ್ನು ಗುಡ್ಡೆಯ ನಡುವಿಗೆ ತೂರಿ, ಒಂದು ಗಂಟೆ ಬಿಟ್ಟು ಎಳೆದು ತುದಿ ಮುಟ್ಟಿ. ಬೆಚ್ಚಗಿದ್ದರೆ ದಿನಾ ನೋಡಿ. ಬಿಸಿ ಇದ್ದರೆ ಇಳಿಸಿ ಹರಡಿ. ಹಿಡಿಯಲು ಆಗದಷ್ಟು ಸುಡುತ್ತಿದ್ದರೆ 60 ಡಿಗ್ರಿ ದಾಟಿದೆ ಅಂತಲೇ ತಿಳಿಯಿರಿ. ಆಗ ಅವಸರದಲ್ಲಿ ಎಳೆದಾಡಬೇಡಿ, ಗಾಳಿ ಸೋಕಿದ ಕೂಡಲೇ ಭಗ್ ಅನ್ನಬಹುದು. ಮೊದಲು ದನ ಬಿಚ್ಚಿ ಹೊರಗೆ ಹೊಡೆದು, ನೀರು ಸಿದ್ಧ ಮಾಡಿ, 112ಕ್ಕೆ ಫೋನು ಮಾಡಿ. ಆವತ್ತು ರಾತ್ರಿ ನಾವು ಮಾಡಿದ್ದು ತಿಳಿಯದೆ ಮಾಡಿದ ಕೆಲಸ. ಜ್ವರ ನೋಡುವ ಥರ್ಮಾಮೀಟರು ಬಿಟ್ಟು ನೋಡಿದವರೂ ಇದ್ದಾರೆ. ಅದರ ಅಳತೆ 42ಕ್ಕೇ ಮುಗಿಯುತ್ತದೆ.

ಬೂಷ್ಟು ಹಿಡಿದ ಹುಲ್ಲನ್ನು ಬಿಸಿಲಿಗೆ ಒಣಗಿಸಿ ಹಾಕಬಹುದಾ ಅಂದರೆ, ಬೇಡ. ಬೂಷ್ಟು ಒಣಗುತ್ತದೆ, ಅದರ ವಿಷ ಹೋಗುವುದಿಲ್ಲ. ಗಬ್ಬದ ಹಸುವಿಗಂತೂ ಹಾಕಲೇಬೇಡಿ, ಕಂದು ಹಾಕುವ ಭಯ ಇದೆ. ಉತ್ತರದ ಭತ್ತದ ಸೀಮೆಯಲ್ಲಿ ಬೂಷ್ಟು ಹುಲ್ಲು ತಿಂದ ಎಮ್ಮೆಗಳ ಬಾಲ, ಕಿವಿ, ಗೊರಸು ಕೊಳೆತು ಬೀಳುವ ಡೆಗ್ನಾಲ ಅನ್ನುವ ರೋಗವೇ ಇದೆ. ತಿಪ್ಪೆಗೆ ಹಾಕುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಈಗ ನಾನು ರೋಲುಗಳನ್ನು ಕಲ್ಲಿನ ಮೇಲೆ ಹಲಗೆ ಹಾಸಿ, ನಡುನಡುವೆ ಗೇಣು ಸಂದಿ ಬಿಟ್ಟು ಜೋಡಿಸುತ್ತೇನೆ, ಅದೂ ಕೊಟ್ಟಿಗೆಯಿಂದ ದೂರ. ಎರಡು ವಾರ ಟಾರ್ಪಾಲು ಬಿಗಿಯುವುದಿಲ್ಲ, ಮಳೆ ಮೋಡ ಕಂಡರೆ ಮಾತ್ರ ಮೇಲೆ ಎಳೆದು ಮತ್ತೆ ತೆಗೆಯುತ್ತೇನೆ. ಮಷೀನಿನವರಿಗೆ ಫೋನು ಮಾಡುವಾಗಲೇ ಹೇಳಿಬಿಡುತ್ತೇನೆ, ಹನ್ನೊಂದರ ಮೇಲೆ ಬನ್ನಿ, ಉಪ್ಪು ಉದುರಿದರೆ ಇಳಿಸೋದು, ಇಲ್ಲದಿದ್ದರೆ ಒಂದು ಟೀ ಕುಡಿದು ಹೋಗಿ ಅಂತ. ಒಂದು ವರ್ಷ ಹಾಗೇ ವಾಪಸು ಕಳಿಸಿದೆ. ಮಷೀನು ಮತ್ತೆ ಸಿಗಲಿಲ್ಲ. ಮನೆಯವರೆಲ್ಲ ಸೇರಿ ಕೈಯಲ್ಲೇ ಹೊರೆ ಕಟ್ಟಿ ಹಳೇ ಥರ ಮೆದೆ ಹಾಕಿದೆವು. ನಾಲ್ಕು ದಿನದ ಕೆಲಸ, ಸೊಂಟ ಹಿಡಿಯಿತು. ಹುಲ್ಲು ಮಾತ್ರ ಮುಂಗಾರಿನ ತನಕ ಹಸಿರಾಗಿತ್ತು.